ಎಣ್ಣೆ ಬೇಡದ ದೀಪಸ್ತಂಭ

ಮದುವೆಯಾಗಿ ಮಸ್ಕಿಯ ಮನೆಗೆ ಕಾಲಿಟ್ಟ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅತ್ತೆಯ ಕೂದಲು. ಬಾಗಿಲಲ್ಲಿ ಯಾರೋ ಆರತಿ ಎತ್ತುತ್ತಿದ್ದರು, ಅವರ ಹಿಂದೆ ಅತ್ತೆ ನಿಂತಿದ್ದರು. ತಲೆಯ ಮೇಲಿನ ಸೆರಗು ಜಾರಿತ್ತು. ಜೋಳದ ರವದಿಯ ಹಾಗೆ ಒಣಗಿ ಬಣ್ಣಗೆಟ್ಟ ಕೂದಲು, ಬಾಚಣಿಗೆ ಹಾಕಿದರೆ ಅರ್ಧದಲ್ಲೇ ಸಿಕ್ಕಿಕೊಳ್ಳುವಂಥದ್ದು. ನಮ್ಮ ಜವಳಗೇರಾದಲ್ಲಿ ಕೂಲಿ ಮಾಡುವ ಹೆಂಗಸರೂ ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚಿ ಎರೆದುಕೊಳ್ಳುತ್ತಾರೆ. ಈ ಮನೆಯಲ್ಲಿ ಎಣ್ಣೆಗೂ ಗತಿಯಿಲ್ಲವೇ ಅಂತ ಗಾಬರಿಯಾಯಿತು. ಅಡುಗೆಮನೆಗೆ ಹೋಗಿ ನೋಡಿದರೆ ಗಾಣದ ಕುಸುಬಿ ಎಣ್ಣೆಯ ಡಬ್ಬಿ ತುಂಬಿಕೊಂಡೇ ಇತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಪ್ರಶ್ನೆ ನಾಲಿಗೆಯ ತುದಿಯಲ್ಲಿ. ಮೂರು ದಿನ ಹೇಗೋ ತಡೆದುಕೊಂಡು ಆಮೇಲೆ ಕೇಳಿಯೇ ಬಿಟ್ಟೆ. "ಯಾಕ್ರಿ ಅತ್ತಿ, ತಲಿಗೆ ಎಣ್ಣಿ ಹಚ್ಚಂಗಿಲ್ಲೇನ್ರಿ?"

"ಹರಕಿ ಐತಿ ಬೇ. ಅದು ತೀರೂತನ ಹಚ್ಚಂಗಿಲ್ಲ" ಅಂದವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಹರಕೆಯ ಕತೆ ಹೀಗಿತ್ತು. ಮಾವ ತೀರಿಕೊಂಡಿದ್ದರು. ಒಬ್ಬನೇ ಮಗ ಓದು ಮುಗಿಸಿ ಕೆಲಸವಿಲ್ಲದೆ ಲಿಂಗಸೂಗೂರು, ಸಿಂಧನೂರು ಅಂತ ಬಸ್ಸಿನಲ್ಲಿ ಓಡಾಡಿಕೊಂಡಿದ್ದ. ಅತ್ತೆ ಒಂದು ಸೋಮವಾರ ಗುಡ್ಡ ಹತ್ತಿ ಮಲ್ಲಯ್ಯನ ಮುಂದೆ ಬೇಡಿಕೊಂಡರು: ಮಗನಿಗೆ ನೌಕರಿಯಾಗಲಿ, ಅವನು ನೌಕರಿ ಮಾಡುವ ಜಾಗದಲ್ಲಿ ನನ್ನ ಕೈಯಾರೆ ದೀಪ ಹಚ್ಚುತ್ತೇನೆ, ಅಲ್ಲಿಯವರೆಗೆ ನನ್ನ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ. ಕೆಲವೇ ತಿಂಗಳಲ್ಲಿ ನೌಕರಿಯಾಯಿತು. ಎಲ್ಲಿ ಅಂತ ಕೇಳಿದಾಗ ಮಗ ಹೇಳಿದ ಒಂದೇ ಒಂದು ಮಾತು ಅತ್ತೆಯನ್ನು ಕಟ್ಟಿಹಾಕಿತು.

"ದೀಪಸ್ತಂಭದಾಗ, ಯವ್ವಾ."

ಅವನು ಹೇಳಿದ್ದು ಸಮುದ್ರದ ಲೈಟ್‌ಹೌಸ್ ವಿಷಯ. ಕಡಲಿನ ಮಂದಿ ಅದನ್ನು ಕನ್ನಡದಲ್ಲಿ ಹಾಗೆಯೇ ಕರೆಯುತ್ತಾರೆ. ಆದರೆ ನಮ್ಮ ಕಡೆ ದೀಪಸ್ತಂಭ ಅಂದರೆ ಗುಡಿಯ ಮುಂದಿನ ಕಲ್ಲಿನ ಕಂಬ, ಅದರ ಮೇಲೆ ಕಾರ್ತೀಕದಲ್ಲಿ ಎಣ್ಣೆ ಸುರಿದು ಹಚ್ಚುವ ದೀಪ. ದೀಪ ಹಚ್ಚುತ್ತೇನೆ ಅಂತ ಬೇಡಿಕೊಂಡರೆ ಮಲ್ಲಯ್ಯ ಮಗನನ್ನು ದೀಪದ ಸೇವೆಗೇ ತೆಗೆದುಕೊಂಡನಲ್ಲ ಅಂತ ಅತ್ತೆ ಗಲ್ಲ ಗಲ್ಲ ಬಡಿದುಕೊಂಡರಂತೆ. ಹರಕೆ ಆವತ್ತಿನಿಂದ ಬರೀ ದೀಪದ್ದಾಗಿ ಉಳಿಯಲಿಲ್ಲ, ಆ ಕಂಬದ ದೀಪದ್ದಾಯಿತು.

ಅತ್ತೆಯನ್ನು ನೋಡಿ ನಾನೇಕೆ ನಗಲಿ? ಸಂಬಂಧ ತಂದ ನಮ್ಮ ಸೋದರಮಾವ "ಹುಡುಗ ದೀಪಸ್ತಂಭದಾಗ ಅದಾನ, ಸೆಂಟ್ರಲ್ ಗೌರ್ಮೆಂಟ್" ಅಂದಾಗ ನಮ್ಮಪ್ಪ ಬಹಳ ಹೊತ್ತು ಮೀಸೆ ತಿರುವಿ, "ಗುಡಿ ಸೇವಾ ಮಾಡೋರಿಗೆ ಪೆನ್ಶನ್ ಕೊಡತಾರೇನು?" ಅಂತ ಕೇಳಿದ್ದರು. ಕೊಡುತ್ತಾರೆ ಅಂತ ಖಾತ್ರಿಯಾದ ಮೇಲೆ ಮದುವೆ ಗೊತ್ತಾಯಿತು. ಗಂಡ ಕಾಯುವುದು ಹಡಗಿನವರಿಗೆ ದಾರಿ ತೋರಿಸುವ ಲೈಟು ಅಂತ ನನಗೆ ತಿಳಿದದ್ದು ಮದುವೆಯಾದ ಮೇಲೆ.

ಆಗ ಅವರಿದ್ದದ್ದು ನೀರಿನ ನಡುವಿನ ಒಂದು ಬಂಡೆಯ ಮೇಲೆ. ಅಲ್ಲಿಗೆ ಹೆಂಡತಿ ಮಕ್ಕಳನ್ನು ಬಿಡುತ್ತಿರಲಿಲ್ಲ. ಹಾಗಾಗಿ ಮೊದಲ ವರ್ಷಗಳು ನಾನು ಮಸ್ಕಿಯಲ್ಲೇ ಉಳಿದೆ. ಹಾಸಿಗೆ ಹಿಡಿದ ಅಜ್ಜಿ, ಅಂದರೆ ಅತ್ತೆಗೆ ಅತ್ತೆ, ಒಳಗಿನ ಕೋಣೆಯಲ್ಲಿದ್ದರು. ಅವರನ್ನು ಬಿಟ್ಟು ಅತ್ತೆ ಎಲ್ಲಿಗೂ ಹೋಗುವಂತಿರಲಿಲ್ಲ. ಹರಕೆ ಬಾಕಿ ಬಿತ್ತು, ಕೂದಲು ಒಣಗುತ್ತಲೇ ಹೋಯಿತು. ಬೇಸಿಗೆಯ ಆ ಬಿಸಿಲಿಗೆ ಅತ್ತೆಗೆ ತಲೆಶೂಲೆ ಬರುತ್ತಿತ್ತು. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂರುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ತುಂಬಿದ ಎಣ್ಣಿ ಡಬ್ಬಿ ಮನಿಯಾಗ ಇಟಗೊಂಡು ತಲಿ ನೋಯಿಸಿಕೊಳ್ಳೂದು ಯಾವ ಶಾಣ್ಯಾತನರೀ?" ಅಂತ ನಾನು.

"ನಿನ್ನ ತಲಿ ನೀ ನೋಡಿಕ್ಯಾ, ನನ್ನ ಫಿಕರ್ ನಿನಗ ಬ್ಯಾಡ" ಅಂತ ಅವರು.

ಗಂಡ ರಜೆಯ ಮೇಲೆ ಬಂದಾಗ ತಿಳಿಸಿ ಹೇಳುತ್ತಿದ್ದರು. "ಯವ್ವಾ, ಅಲ್ಲಿ ದೇವ್ರಿಲ್ಲ. ಎಣ್ಣಿನೂ ಇಲ್ಲ. ಕರೆಂಟಿನ ದೀಪ ಅದು." ಅತ್ತೆ ನಗುತ್ತಿದ್ದರು. ಆಮೇಲೆ ಅಕ್ಕಪಕ್ಕದವರ ಮುಂದೆ "ಗುಡಿಗೆ ಕರೆಂಟ್ ತಗೊಂಡಾರಂತ" ಅಂತ ಹೇಳುವರು. ಓಣಿಯ ಹೆಂಗಸರು ಮಗ ಹೊರಡುವ ಹೊತ್ತಿಗೆ ಒಂದೊಂದು ಬಟ್ಟಲು ಎಣ್ಣೆ ತಂದು, ನಮ್ಮ ಹೆಸರಿನಲ್ಲೂ ಒಂದಿಷ್ಟು ಹಾಕಪ್ಪಾ ಅಂತ ಕೊಡುವರು. ಗಂಡ ಬೇಡವೆನ್ನಲಾರದೆ ತೆಗೆದುಕೊಂಡು, ಗುಡ್ಡ ಹತ್ತಿ ಮಲ್ಲಯ್ಯನ ದೀಪಕ್ಕೇ ಸುರಿದು, ಆಮೇಲೆ ಬಸ್ಸು ಹತ್ತುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರಿಗೆ ವರ್ಗವಾಯಿತು. ಈ ಸಲ ಉತ್ತರ ಕನ್ನಡದ ಒಂದು ಅಳಿವೆಯ ಬಾಯಲ್ಲಿ, ಅಂದರೆ ಹೊಳೆ ಹೋಗಿ ಕಡಲು ಸೇರುವ ಜಾಗದ ಗುಡ್ಡದ ಮೇಲೆ. ಸಂಸಾರಕ್ಕೆ ಮನೆ ಕೊಟ್ಟಿದ್ದರು. ನಾನು ಹೋದೆ. ಗುಡ್ಡದ ಮೇಲೆ ಬಿಳಿ ಗೋಪುರ, ಅದರ ಕಾಲಬುಡದಲ್ಲಿ ಎರಡು ಮನೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮುಖ್ಯಸ್ಥರು. ಅವರು ಆ ಕಡೆಯವರೇ, ಮೆತ್ತಗಿನ ಮಾತಿನ ಮನುಷ್ಯ. ಉಪ್ಪು ಬೇಕಾದರೂ ಗುಡ್ಡ ಇಳಿದು, ದೋಣಿಯಲ್ಲಿ ಅಳಿವೆ ದಾಟಿ ಆಚೆ ದಡಕ್ಕೆ ಹೋಗಬೇಕು. ಮಳೆಗಾಲದಲ್ಲಿ ದೋಣಿಯವನಿಗೆ ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮರುವರ್ಷ ಅಜ್ಜಿ ತೀರಿಕೊಂಡರು. ಕ್ರಿಯೆಯೆಲ್ಲ ಮುಗಿದ ಮೇಲೆ ಅತ್ತೆ ಹೇಳಿಕಳಿಸಿದರು: ಶ್ರಾವಣದಲ್ಲಿ ಬರುತ್ತೇನೆ, ಸೋಮವಾರ ದೀಪ ಹಚ್ಚುತ್ತೇನೆ. ಆ ತಿಂಗಳು ಇಲ್ಲಿ ಮಳೆ ಕಣ್ಣು ಬಿಡಲು ಕೊಡುವುದಿಲ್ಲ, ದೀಪಾವಳಿಗೆ ಬರಲಿ ಅಂತ ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡ ಹೋಗಿ ಕರೆತಂದರು. ಲಿಂಗಸೂಗೂರಿನಲ್ಲಿ ಬಸ್ಸು ಬದಲಿಸಿ, ಹುಬ್ಬಳ್ಳಿಯಲ್ಲಿ ಮತ್ತೆ ಬದಲಿಸಿ, ಘಟ್ಟ ಇಳಿದು ಬರುವವರೆಗೂ ಎಣ್ಣೆಯ ಡಬ್ಬಿಯನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದೇ ಕೂತಿದ್ದರಂತೆ. ಲಗೇಜಿನ ಟಿಕೆಟ್ ಕೇಳಿದ ಕಂಡಕ್ಟರನಿಗೆ "ದೇವ್ರ ಎಣ್ಣಿಗೆ ಟಿಕೆಟ್ ಕೇಳತೀಯಲೋ, ಕೈ ಸೇದಿಹೋದಾವು!" ಅಂತ ಹೆದರಿಸಿ ಅವನ ಬಾಯಿ ಮುಚ್ಚಿಸಿದ್ದರು.

ದೋಣಿ ಇಳಿದು ಗುಡ್ಡ ಹತ್ತಿದ ಅತ್ತೆ ಮೊದಲು ನೋಡಿದ್ದು ಗೋಪುರವನ್ನಲ್ಲ, ಕಡಲನ್ನು. ಕೊಡೆಯ ಕೆಳಗೆ ಬಹಳ ಹೊತ್ತು ನಿಂತರು. ನಮ್ಮ ಸೀಮೆಯಲ್ಲಿ ದೊಡ್ಡ ನೀರು ಅಂದರೆ ಎಡದಂಡೆ ಕಾಲುವೆ. ಅದರಲ್ಲಿ ನೀರು ಬಿಡುವ ದಿನ ಇರುತ್ತದೆ, ನಿಲ್ಲಿಸುವ ದಿನವೂ ಇರುತ್ತದೆ.

"ಇದನ್ನ ಯಾವಾಗ ಬಂದ್ ಮಾಡತಾರ?" ಅಂತ ಕೇಳಿದರು.

"ಮಾಡಂಗಿಲ್ರಿ ಅತ್ತಿ. ಇದು ಹಿಂಗ ಇರತೈತಿ."

"ಇಷ್ಟ ನೀರು ಇಟಗೊಂಡು ಒಂದ ಭತ್ತದ ಗದ್ದಿ ಇಲ್ಲಲ್ಲಬೇ" ಅಂತ ಗೊಣಗಿಕೊಂಡು ಒಳಗೆ ಬಂದರು. ಮರುದಿನ ಬೆಳಗ್ಗೆ ಇಳಿತವಾಗಿ ಅಳಿವೆಯಲ್ಲಿ ಕೆಸರು ಕಂಡಾಗ ನನ್ನನ್ನು ಕೂಗಿ ಕರೆದು, "ನೋಡು, ಬಂದ್ ಮಾಡ್ಯಾರ. ನೀ ದೊಡ್ಡಾಕಿ ಇಲ್ಲ ಅಂತಿದ್ದಿ" ಅಂದರು. ನಾನು ಒಪ್ಪಿಕೊಂಡೆ. ಸಂಜೆ ಭರತ ಬಂದಾಗ ಮತ್ತೆ ಕೇಳುತ್ತಾರಲ್ಲ ಅಂತ ಕಾದೆ, ಕೇಳಲಿಲ್ಲ.

ಆವತ್ತೇ ಮಧ್ಯಾಹ್ನ ಅವರನ್ನು ಮೇಲೆ ಕರೆದುಕೊಂಡು ಹೋದೆವು. ಗೋಪುರದ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಸುತ್ತಿ ಸುತ್ತಿ ಹತ್ತುವ ಮೆಟ್ಟಿಲು, ನಡುನಡುವೆ ಕೂತು ಉಸಿರು ತೆಗೆದುಕೊಳ್ಳುತ್ತಾ, ಮಲ್ಲಯ್ಯಾ ಮಲ್ಲಯ್ಯಾ ಅನ್ನುತ್ತಾ ಹತ್ತಿದರು. ಎಣ್ಣೆಯ ಡಬ್ಬಿ ನನ್ನ ಕೈಲಿತ್ತು. ತುದಿಯ ಕೋಣೆಗೆ ಸುತ್ತಲೂ ಗಾಜಿನ ಗೋಡೆ. ಆ ಗೋಡೆಗಳ ಒಳಗಡೆ ಬಿಳಿ ಪರದೆಗಳು ಎಲ್ಲ ದಿಕ್ಕಿಗೂ ಮುಚ್ಚಿದ್ದವು, ನಡುವೆ ಆಳೆತ್ತರದ ಏನೋ ಮಬ್ಬಾಗಿ ನಿಂತಿತ್ತು.

ಅತ್ತೆ ದನಿ ತಗ್ಗಿಸಿದರು. "ನೈವೇದ್ಯದ ಹೊತ್ತೇನು? ತೆರಿ ಹಾಕ್ಯಾರ."

ಗುಡಿಯಲ್ಲಿ ದೇವರಿಗೆ ಎಡೆ ಹಿಡಿಯುವಾಗ ತೆರೆ ಎಳೆಯುತ್ತಾರಲ್ಲ, ಅತ್ತೆ ಅದನ್ನೇ ಅಂದುಕೊಂಡಿದ್ದರು. ಗಂಡ ನಗದೆ ತಿಳಿಸಿ ಹೇಳಿದರು. "ಇಲ್ಲ ಬೇ. ಹಗಲು ಸೂರ್ಯಾನ ಬೆಳಕು ಈ ಗಾಜಿನಾಗ ಹೊಕ್ಕರ ಬೆಂಕಿ ಹತ್ತತೈತಿ. ಭೂತಗನ್ನಡಿ ಇದ್ದಂಗ ಇದು. ಅದಕ್ಕ ಮುಂಜಾನೆ ಪರದೆ ಮುಚ್ಚಿ, ಹೊತ್ತು ಮುಣುಗಿದ ಮ್ಯಾಲ ತೆಗೀತೀವಿ." ಆಮೇಲೆ ಗಾಜಿನ ದೊಡ್ಡ ಕಣಜದಂಥದ್ದರ ಬಾಗಿಲು ತೆಗೆದು ಒಳಗಿನ ಬಲ್ಬು ತೋರಿಸಿದರು. ಅದು ಬದನೆಕಾಯಿಯಷ್ಟೇ ಇತ್ತು.

"ಇಷ್ಟೇನು?" ಅಂದರು ಅತ್ತೆ. "ಎಣ್ಣಿ ಎಲ್ಲಿ ಹಾಕತೀರಿ?"

"ಹಾಕಂಗಿಲ್ಲ ಯವ್ವಾ. ನಾ ಹೇಳಿದ್ನಲ್ಲ."

ಹೇಳಿದ್ದನ್ನು ಕೇಳುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಅತ್ತೆಯ ಮುಖ ಸಣ್ಣದಾಯಿತು. ಮಗ ಅವರ ಕೈ ಹಿಡಿದು ಗೋಡೆಯ ಸ್ವಿಚ್ಚಿನ ಹತ್ತಿರ ಒಯ್ದರು. ಸೋಮವಾರ ಸಂಜೆ ನೀನೇ ಇದನ್ನು ಒತ್ತು, ಸಾಹೇಬರನ್ನು ಕೇಳಿಕೊಂಡಿದ್ದೇನೆ, ಹರಕೆ ತೀರುತ್ತದೆ ಅಂದರು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು.

"ಗುಂಡಿ ಒತ್ತೂದಕ್ಕ ದೀಪ ಹಚ್ಚೂದು ಅಂತಾರೇನಲೇ? ಮಸ್ಕ್ಯಾಗ ಲೈನ್‌ಮನ್‌ನೂ ಒತ್ತತಾನ. ದೇವ್ರ ಮುಂದ ಸುಳ್ಳು ಲೆಕ್ಕ ಕೊಡಂಗಿಲ್ಲ ನಾ."

ಮುಖ್ಯಸ್ಥರನ್ನು ಕೇಳಿದೆವು, ಮೇಲಿನ ಕೋಣೆಯಲ್ಲಿ ಒಂದು ಪಣತಿ ಹಚ್ಚಬಹುದೇ ಅಂತ. "ಅಲ್ಲಿ ಬೆಂಕಿ ಹಚ್ಚಲಿಕ್ಕೆ ಆಗುದಿಲ್ಲ ಅಮ್ಮ, ರೂಲ್ಸ್ ಉಂಟು" ಅಂದರು ಅವರು, ತಮಗೇ ನೋವಾದವರ ಹಾಗೆ. ಗೋಪುರದ ಬುಡದಲ್ಲಿ ಹಚ್ಚಿ ಅಂದರೆ ಅತ್ತೆ ಒಪ್ಪಲಿಲ್ಲ. ಅದು ಮನೆಯ ದೀಪದ ಹಾಗೆ, ತಾನು ಬೇಡಿಕೊಂಡದ್ದು ಕಂಬದ ದೀಪ ಅಂದರು. ಕೊನೆಗೆ, ಹತ್ತುತ್ತದೋ ಇಲ್ಲವೋ ಸೋಮವಾರಕ್ಕೆ ಮೊದಲೇ ನೋಡೋಣ ಅಂತ ಮೇಲಿನ ಕೋಣೆಯ ಹೊರಗೆ, ಕಟಕಟೆಯ ಮರೆಯಲ್ಲಿ ಪ್ರಯತ್ನಿಸಿದೆವು. ನಾನು ಸೆರಗು ಅಡ್ಡ ಹಿಡಿದೆ, ಗಂಡ ಕೊಡೆ ಹಿಡಿದರು. ಅಲ್ಲಿನ ಗಾಳಿಗೆ ಕೊಡೆ ಮಡಿಚಿ ಹೋಯಿತು. ಥಂಡಿ ಹಿಡಿದ ಬೆಂಕಿಕಡ್ಡಿಗಳನ್ನು ಗೀಚಿದರೆ ಮದ್ದು ಉದುರುತ್ತಿತ್ತು, ಹತ್ತಿದ ಒಂದೆರಡೂ ಬತ್ತಿಯ ಹತ್ತಿರ ಹೋಗುವುದರೊಳಗೆ ಆರಿದವು. ಅತ್ತೆ ಮಸ್ಕಿಯಲ್ಲಿ ಹೊಸೆದು ತಂದ ಹತ್ತಿಯ ಬತ್ತಿಗಳು ಮಳೆಗೆ ತೊಯ್ದು ಮುದ್ದೆಯಾದವು.

"ಅವಗ ಬ್ಯಾಡಾಗೈತಿ" ಅಂದರು ಅತ್ತೆ. ಅವನಿಗೆ ಅಂದರೆ ಮಲ್ಲಯ್ಯನಿಗೆ.

ಮಂಗಳವಾರ ಊರಿಗೆ ಹೊರಡುವುದು ಅಂತ ಗೊತ್ತಾಗಿತ್ತು. ಡಬ್ಬಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಅತ್ತೆ ಮತ್ತೆ ಬಿಗಿದು ಮೂಲೆಯಲ್ಲಿಟ್ಟರು. ನನಗೆ ಯಾರ ಮೇಲೆ ಸಿಟ್ಟು ಮಾಡುವುದೋ ತಿಳಿಯಲಿಲ್ಲ. ದೀಪಸ್ತಂಭ ಅಂತ ಹೆಸರಿಟ್ಟವರ ಮೇಲೆಯೋ, ಬಿಡದ ಮಳೆಯ ಮೇಲೆಯೋ, ಎರಡು ರೊಟ್ಟಿ ತಿನ್ನುವ ಕಡೆ ಅರ್ಧಕ್ಕೇ ಕೈ ತೊಳೆಯುತ್ತಿದ್ದ ಈ ಹಟದ ಮುದುಕಿಯ ಮೇಲೆಯೋ. ಅತ್ತೆ ಈ ಕೂದಲಿನಲ್ಲೇ ಸಾಯುತ್ತಾರೆ ಅನ್ನಿಸಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆ ನೋಡಿ, "ಹೊಗಿ ಹೆಚ್ಚಾತೇನು?" ಅಂದರು. ಹೌದು ಅಂದೆ.

ಸೋಮವಾರ ಮಧ್ಯಾಹ್ನ ಕರೆಂಟು ಹೋಯಿತು. ಅದು ಅಲ್ಲಿ ದಿನದ ಪಾಡು. ಕರೆಂಟು ಇಲ್ಲದಿದ್ದರೆ ಕೆಳಗಿನ ಕೋಣೆಯಲ್ಲಿ ಡೀಸೆಲ್ ಎಂಜಿನ್ ಹಚ್ಚಿ ದೀಪ ಉರಿಸುತ್ತಾರೆ. ಆವತ್ತು ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಮುಖ್ಯಸ್ಥರು ಜ್ವರ ಬಂದು ಮಲಗಿದ್ದರು. ಸಂಜೆಯಾಗುತ್ತ ಬಂದರೂ ಗಂಡನ ಕೈ ಮಸಿಯಲ್ಲೇ ಇತ್ತು. ಎಂಜಿನ್ ಕೋಣೆಯ ಬಾಗಿಲಿನಿಂದ ಇಣುಕಿ ಕೂಗಿದರು: "ಏ, ಮ್ಯಾಲ ಹೋಗಿ ಪರದೆ ತೆಗಿ. ಎಂಜಿನ್ ಹತ್ತಿದ ಕೂಡ್ಲೆ ದೀಪ ಹಾಕಬೇಕು. ಗಾಜು ಮುಟ್ಟಬ್ಯಾಡ."

"ನಾನೂ ಬರತೀನಿ" ಅಂತ ಅತ್ತೆ ಎದ್ದರು. "ಹೋಗೂ ಮುಂದ ಒಂದ ಸಲ ನೋಡಿ ಹೋಗತೀನಿ." ಈ ಸಲ ಡಬ್ಬಿ ತೆಗೆದುಕೊಳ್ಳಲಿಲ್ಲ.

ಮಳೆ ನಿಂತಿದ್ದನ್ನು ಆ ಅವಸರದಲ್ಲಿ ನಾವು ಗಮನಿಸಿರಲೇ ಇಲ್ಲ. ವಾರದಿಂದ ಸೂರ್ಯನ ಮುಖ ಕಂಡಿರಲಿಲ್ಲ, ಹೊತ್ತು ಮುಳುಗಿದೆಯೋ ಇಲ್ಲವೋ ಅನ್ನುವ ಯೋಚನೆಯೂ ನನಗೆ ಬರಲಿಲ್ಲ. ನಾನು ಊರ ಕಡೆಯ ಪರದೆಗಳನ್ನು ಸರಿಸತೊಡಗಿದೆ. ಕಡಲ ಕಡೆಯದಕ್ಕೆ ಅತ್ತೆ ಕೈ ಹಾಕಿದರು. ಗುಡಿಯಲ್ಲಿ ತೆರೆ ಸರಿಸುವ ಹಾಗೆ, ತಲೆಯ ಮೇಲೆ ಸೆರಗು ಹೊದ್ದು, ಒಂದೇ ಎಳೆತಕ್ಕೆ ಸರಿಸಿದರು.

ಮೋಡದ ಅಡಿಯಲ್ಲಿ, ನೀರಿಗೆ ಇನ್ನೇನು ತಾಕುವಂತೆ, ಸೂರ್ಯ ಇದ್ದ. ಅವನ ಬೆಳಕು ನೇರವಾಗಿ ಬಂದು ಗಾಜಿಗೆ ಬಿತ್ತು. ಆ ಆಳೆತ್ತರದ ಗಾಜಿನ ಒಂದೊಂದು ಪಟ್ಟಿಯಲ್ಲೂ ಒಂದೊಂದು ಉರಿ ಎದ್ದಿತು, ಕೆಳಗಿನಿಂದ ತುದಿಯವರೆಗೆ. ಕೋಣೆಯೆಲ್ಲ ಕೆಂಪು, ಹಳದಿ, ನೀಲಿ. ಅತ್ತೆಯ ಬಿಳಿ ಸೀರೆಯ ಮೇಲೆ ಬಣ್ಣದ ಗೆರೆಗಳು.

"ಹತ್ತಿತು!" ಅಂದರು ಅತ್ತೆ.

ಬೆಂಕಿ ಹತ್ತುತ್ತದೆ ಅಂತ ಗಂಡ ಹೇಳಿದ್ದು ನೆನಪಾಗಿ ನಾನು ಪರದೆಗೆ ಕೈ ಚಾಚಿದೆ. ಅತ್ತೆ ಎರಡೂ ಕೈ ಮುಗಿದು ನಿಂತಿದ್ದರು. ತುಟಿ ಅಲುಗುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಅಷ್ಟರಲ್ಲಿ ಸೂರ್ಯ ಅರ್ಧ ಮುಳುಗಿದ್ದ, ಬೆಳಕಿನಲ್ಲಿ ಬಿಸಿ ಇರಲಿಲ್ಲ. ನಾನು ಪರದೆ ಎಳೆಯಲಿಲ್ಲ. ಸುಟ್ಟರೆ ಸುಡಲಿ ಅಂದುಕೊಂಡು ಅತ್ತೆಯ ಪಕ್ಕ ಹೋಗಿ ನಿಂತೆ, ನಾನೂ ಕೈ ಮುಗಿದೆ.

ಕೆಳಗೆ ಎಂಜಿನ್ ಡುಗುಡುಗು ಅಂತ ಹತ್ತಿಕೊಂಡಿತು. ಗಂಡ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಸೂರ್ಯನಿಗೆ ತೆರೆದ ಪರದೆ ಕಂಡು ನನ್ನ ಮೇಲೆ ಕೂಗಾಡಲು ಬಾಯಿ ತೆರೆದವರು ತಾಯಿಯನ್ನು ನೋಡಿ ಮುಚ್ಚಿಕೊಂಡರು. ಕಡಲಿನಲ್ಲಿ ಕೊನೆಯ ಕೆಂಪು ಹೋಗುವವರೆಗೆ ಮೂವರೂ ಹಾಗೆಯೇ ನಿಂತಿದ್ದೆವು. ಆಮೇಲೆ ಅವರು ಸ್ವಿಚ್ಚು ಒತ್ತಿದರು. ಗಾಜಿನ ಕಣಜ ಸುತ್ತತೊಡಗಿತು. ಅತ್ತೆ ಅದನ್ನೇನೂ ಬಹಳ ನೋಡಲಿಲ್ಲ, ಇಳಿಯೋಣ ನಡಿ ಅಂದರು.

ಮನೆಯ ಕಟ್ಟೆಯ ಮೇಲೆ ಕೂತು ಕಾಲು ಚಾಚಿಕೊಂಡರು. ನಾನು ಕಂದೀಲು ತಂದಿಟ್ಟೆ. ಸುಮ್ಮನಿರುವ ಬಾಯಲ್ಲ ನನ್ನದು, ಆದರೂ ಆವತ್ತು ಹಲ್ಲು ಕಚ್ಚಿ ಸುಮ್ಮನಿದ್ದೆ. ಅತ್ತೆ ನನ್ನ ಮುಖ ನೋಡಿ ನಕ್ಕರು.

"ಸೂರ್ಯಾನ ಬೆಳಕಂತ ನನಗ ತಿಳಿಯಂಗಿಲ್ಲಂತ ಮಾಡೀಯೇನು? ನಾ ಏನು ಕುರುಡಿ ಅದೀನೇನು?"

"ನಾ ಏನೂ ಅಂದಿಲ್ಲಲ್ರಿ ಅತ್ತಿ."

"ಅನ್ನಾಕ ಬಾಯಿ ತುರಸಾಕತ್ತೈತಿ ನಿನಗ, ಗೊತ್ತೈತಿ. ಕೇಳು ಇಲ್ಲೆ. ನನ್ನ ಕೈಲೆ ಹತ್ತಬೇಕಂತ ಬೇಡಿಕೊಂಡಿದ್ದೆ. ಹತ್ತಿತು. ಎಣ್ಣಿಲೇ ಹತ್ತಬೇಕಂತ ನಾ ಎಂದೂ ಬೇಡಿದ್ದಿಲ್ಲ." ಸೆರಗು ಇಳಿಸಿ, ತುರುಬಿನ ದಾರ ಬಿಚ್ಚಿದರು. "ಡಬ್ಬಿ ತಗೊಂಬಾ."

ನಾನು ಕಟ್ಟೆಯ ಮೇಲೆ ಕೂತೆ, ಅತ್ತೆ ಕೆಳಗಿನ ಮೆಟ್ಟಿಲಿನಲ್ಲಿ ನನ್ನ ಮೊಣಕಾಲುಗಳ ನಡುವೆ ಬೆನ್ನು ಹಾಕಿ ಕೂತರು. ಡಬ್ಬಿಯ ಬಟ್ಟೆ ಬಿಚ್ಚಿದಾಗ ಕುಸುಬಿ ಎಣ್ಣೆಯ ವಾಸನೆ ಬಂದು, ಆ ತೊಯ್ದ ಗುಡ್ಡದ ಮೇಲೆ ನನಗೆ ನಮ್ಮ ಗಾಣದ ಓಣಿ ನೆನಪಾಯಿತು. ಅಂಗೈ ತುಂಬ ಸುರಿದುಕೊಂಡು ನೆತ್ತಿಗೆ ಒತ್ತಿದೆ. ಎಷ್ಟು ಹಾಕಿದರೂ ಯರೆಹೊಲಕ್ಕೆ ಮೊದಲ ಮಳೆ ಬಿದ್ದ ಹಾಗೆ ಹೀರಿಕೊಳ್ಳುತ್ತಿತ್ತು. ಸಿಕ್ಕು ಬಿಡಿಸುತ್ತ, ಬುಡಕ್ಕೆ ಬೆರಳಾಡಿಸುತ್ತ ಹೋದೆ. ಅತ್ತೆಯ ತಲೆ ನಿಧಾನವಾಗಿ ನನ್ನ ಮೊಣಕಾಲಿಗೆ ವಾಲಿತು. ನಿದ್ದೆ ಹತ್ತಿತೇನೋ ಅಂದುಕೊಂಡೆ.

"ಬಾಳ ವರ್ಷ ಆತು ಬೇ" ಅಂದರು, ಕಣ್ಣು ಮುಚ್ಚಿಕೊಂಡೇ. "ಯಾರೂ ತಲಿ ಮುಟ್ಟಿದ್ದಿಲ್ಲ."

ನಾನು ಮತ್ತೊಂದು ಸಲ ಅಂಗೈಗೆ ಎಣ್ಣೆ ಸುರಿದುಕೊಂಡೆ.